ದಲೀಪ್ ಸಿಂಗ್ ಸೌಂಡ್ ರಾಜಕೀಯಕ್ಕೆ ಬರುವುದು ಅಷ್ಟು ತಡವಾದದ್ದೇಕೆ?

ಅಮೆರಿಕದ ಕಾಂಗ್ರೆಸ್ಸಿಗೆ (ಅಲ್ಲಿನ ಸಂಸತ್ತಿಗೆ) ಆಯ್ಕೆಯಾದ ಮೊದಲ ಭಾರತೀಯ ಸೌಂಡ್. ಪಂಜಾಬಿನಿಂದ ಅಲ್ಲಿಗೆ ಹೋದದ್ದು 1920ರಲ್ಲಿ; ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದ ಪಿಎಚ್‌.ಡಿ. ಮುಗಿಸಿದ್ದು 1924ರಲ್ಲಿ. ಇಷ್ಟು ಓದಿದವರು ಮೊದಲ ಚುನಾವಣೆ ಗೆಲ್ಲುವಷ್ಟರಲ್ಲಿ 1950 ಬಂದದ್ದು ಹೇಗೆ ಅಂತ ಓದುಗರು ಪದೇ ಪದೇ ಕೇಳುತ್ತಾರೆ.

ಕಾನೂನು ಅಡ್ಡ ನಿಂತಿತ್ತು. 1923ರಲ್ಲಿ, ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ‘ಬಿಳಿಯರು’ ಅಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಪೌರತ್ವವಿಲ್ಲದವನಿಗೆ ಓಟಿಲ್ಲ, ಸ್ಪರ್ಧಿಸುವ ಮಾತಂತೂ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದ ಭೂಕಾನೂನಿನ ಪ್ರಕಾರ ಅಂಥವರು ಜಮೀನು ಕೊಳ್ಳುವಂತಿರಲಿಲ್ಲ, ಗೇಣಿಗೆ ಹಿಡಿಯುವಂತೆಯೂ ಇರಲಿಲ್ಲ. ಸೌಂಡ್ ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವವರ ಮೇಸ್ತ್ರಿಯಾದರು, ಆಮೇಲೆ ಬೇಸಾಯಕ್ಕಿಳಿದರು. ಕೊಲರಾಡೊ ನದಿಯ ಕಾಲುವೆ ನೀರಿಲ್ಲದಿದ್ದರೆ ಆ ಕಣಿವೆ ಬರೀ ಮರುಭೂಮಿ. ಅಲ್ಲಿನ ರೈತರ ಕಷ್ಟಸುಖ ಅವರಿಗೆ ಗೊತ್ತಾದದ್ದು ಈ ವರ್ಷಗಳಲ್ಲೇ.

1940ರ ದಶಕದಲ್ಲಿ ಭಾರತೀಯರು ಸಂಘ ಕಟ್ಟಿ ಕಾನೂನು ಬದಲಿಸಲು ಓಡಾಡಿದರು. ಸೌಂಡ್ ಅವರಲ್ಲಿ ಮುಂಚೂಣಿಯಲ್ಲಿದ್ದರು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಹೊಸದಾಗಿ ಬರುವವರಿಗೆ ಕೊಟ್ಟದ್ದು ವರ್ಷಕ್ಕೆ ಕೇವಲ 100 ಜನರ ಕೋಟಾ.

ಸೌಂಡ್‌ಗೆ ಪೌರತ್ವ ಸಿಕ್ಕ ದಿನ 1949ರ ಡಿಸೆಂಬರ್ 16. ಮುಂದಿನದೆಲ್ಲ ಈ ತಾರೀಕಿನ ಲೆಕ್ಕಾಚಾರ. 1950ರಲ್ಲಿ ವೆಸ್ಟ್‌ಮೋರ್ಲೆಂಡ್ ಎಂಬ ಸಣ್ಣ ಊರಿನ ನ್ಯಾಯಾಧೀಶರ ಸ್ಥಾನಕ್ಕೆ ನಿಂತು ಗೆದ್ದರು (ಅಲ್ಲಿ ಅದು ಚುನಾಯಿತ ಹುದ್ದೆ). ಆದರೆ ಗೆದ್ದಾಗ ಪೌರತ್ವಕ್ಕೆ ವರ್ಷ ತುಂಬಿರಲಿಲ್ಲ ಎಂದು ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು.

1956ರಲ್ಲಿ ಕಾಂಗ್ರೆಸ್ಸಿಗೆ ನಿಂತಾಗಲೂ ಅದೇ ತಕರಾರು. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯರಿಗೆ 7 ವರ್ಷದ ಪೌರತ್ವ ಬೇಕು. ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ) ಎದುರಿಗಿದ್ದ ಸ್ವಪಕ್ಷದವರೇ ಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ನವೆಂಬರಿನಲ್ಲಿ ಮತದಾನ ಆದಾಗ 7 ವರ್ಷ ತುಂಬಿರಲಿಲ್ಲ, ನಿಜ. ಆದರೆ ಲೆಕ್ಕಕ್ಕೆ ಬರುವುದು ಪ್ರಮಾಣವಚನದ ದಿನ. 1957ರ ಜನವರಿ 3ಕ್ಕೆ 7 ವರ್ಷದ ಮೇಲೆ 18 ದಿನ ಕಳೆದಿತ್ತು.

ಎದುರಾಳಿ ಸಾಮಾನ್ಯರಲ್ಲ: ಶಬ್ದದ ವೇಗ ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ, ರಿಪಬ್ಲಿಕನ್ ಪಕ್ಷದ ಜಾಕ್ವೆಲಿನ್ ಕಾಕ್ರನ್. ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳ ಆ ಕ್ಷೇತ್ರ ಅಲ್ಲಿಯವರೆಗೆ ಸೌಂಡ್ ಅವರ ಡೆಮಾಕ್ರಟಿಕ್ ಪಕ್ಷದವರನ್ನು ಆರಿಸಿಯೇ ಇರಲಿಲ್ಲ. ಜೊತೆಗೆ ಆ ವರ್ಷ ದೇಶದಲ್ಲೆಲ್ಲ ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ಅಲೆ. ಸೌಂಡ್ ಕುಟುಂಬದವರೂ ಕಾರ್ಯಕರ್ತರೂ ಮನೆಮನೆಗೆ ಹೋಗಿ ಮತದಾರರ ಹೆಸರು ನೋಂದಾಯಿಸಿದರು. ಅಂತರ ಸಣ್ಣದು, ಆದರೂ ಗೆದ್ದರು. ಆ ಅಂತರ ನೋಡಿದರೆ ನೋಂದಣಿಯೇ ಗೆಲ್ಲಿಸಿತು ಎಂಬುದು ನನ್ನ ಅಭಿಪ್ರಾಯ.

ಪ್ರಮಾಣವಚನ ಸ್ವೀಕರಿಸಿದಾಗ ಅವರಿಗೆ 57 ವರ್ಷ. 1958, 1960ರಲ್ಲೂ ಗೆದ್ದರು. 1962ರ ಮೇ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಪ್ರಚಾರಕ್ಕೆ ಹೋಗಲಾಗದೆ ಆ ವರ್ಷ ಸೋತರು. ಕಾನೂನು ತಿಂದುಹಾಕಿದ ವರ್ಷಗಳು ಹೋಗಿ, ಸಂಸತ್ತಿನಲ್ಲಿ ಕೆಲಸ ಮಾಡಲು ಅವರಿಗೆ ಸಿಕ್ಕದ್ದು ಐದು ವರ್ಷ ಚಿಲ್ಲರೆ.