ಪಾಡು ಚೇಸಿನಾಡು

ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚು ಮಾಡಿದೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್, ನುಡಿ ತಂತ್ರಾಂಶ. ರಿಟೈರ್ ಆಗಿ ಕೋಲಾರದ ಮನೆಯಲ್ಲಿ ಕೂತರೂ ಬೆರಳು ಸುಮ್ನಿರಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುತ್ತೇನೆ. ಸಾಮಾನ್ಯವಾಗಿ ಅವರೇಕಾಯಿ ಸೀಸನ್ನು, ಟೊಮೆಟೊ ರೇಟು ಅಂತ ಏನೇನೋ ಬರೆಯುವವಳು. ಇವತ್ತಿನದು ಅದಲ್ಲ.

ತಂಗಿಯ ಮಗಳು ಲಾ ಓದುತ್ತಿದ್ದಾಳೆ. ಕಾಲೇಜಲ್ಲಿ ಮೂಟ್ ಕೋರ್ಟ್ ಅಂತ ಅಣಕು ವಿಚಾರಣೆ ಇದೆಯಂತೆ. ಹೋದ ವಾರ ಒಂದು ಕಟ್ಟು ಪ್ರಿಂಟ್‌ಔಟ್ ಹಿಡಿದುಕೊಂಡು ಬಂದಳು. "ದೊಡ್ಡಮ್ಮಾ, ನೀನು ಇಂಥ ಕೇಸು ಎಷ್ಟು ಟೈಪ್ ಮಾಡಿದ್ದೀಯಲ್ಲ, ಹೆಂಗಸರು ಕಟಕಟೆಯಲ್ಲಿ ಏನಂತ ಹೇಳ್ತಿದ್ರು? ಅತ್ಯಾಚಾರ ಅಂತಲೇ ಹೇಳ್ತಿದ್ರಾ?"

ಯೋಚನೆ ಮಾಡಿದೆ. ಒಬ್ಬಳ ಬಾಯಲ್ಲೂ ಆ ಪದ ಕೇಳಿದ ನೆನಪಿಲ್ಲ. ಅದು ಪೊಲೀಸರ ಪದ, ಪೇಪರಿನ ಪದ. ಕನ್ನಡದವರು ಕೆಡಿಸಿದ ಅನ್ನುತ್ತಿದ್ದರು. ಹಾಳು ಮಾಡಿದ, ಮಾನ ಕಳೆದ. ಕೆಲವರು ಬರೀ "ಅದು ಮಾಡಿದ" ಅಂತ ಹೇಳಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಸಾಕ್ಷಿಗಳ ಮನೆಮಾತು ತೆಲುಗು, ನನ್ನದೂ ಅದೇ. ಅವರು ಹೇಳುತ್ತಿದ್ದದ್ದು "ಪಾಡು ಚೇಸಿನಾಡು." ಹಾಳು ಮಾಡಿದ ಅಂತಲೇ ಅರ್ಥ.

ಅವಳು ತಂದ ಕಟ್ಟು ರುವಾಂಡಾ ದೇಶದ್ದು. 1994ರಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರನ್ನು, ಹೆಚ್ಚಾಗಿ ಟುಟ್ಸಿ ಜನಾಂಗದವರನ್ನು, ಕೊಂದರಲ್ಲ, ಅಲ್ಲಿಯದು. ಕೊಲ್ಲುವುದರಲ್ಲಿ ಮುಂದಿದ್ದವರು ಇಂಟರಹಾಮ್ವೆ ಅನ್ನೋ ಪಡೆಯವರು. ಆಳುವ ಪಕ್ಷದ ಯುವಕರ ಸಂಘ ಅಂತ ಶುರುವಾಗಿ ಮಚ್ಚು ಹಿಡಿದ ದಂಡಾಯಿತು. ಆರೋಪಿ ಝಾನ್ ಪಾಲ್ ಅಕಾಯೆಸು. ತಬಾ ಎಂಬ ಕಡೆಯ ಮೇಯರ್. ಅದಕ್ಕೂ ಮೊದಲು ಇಸ್ಕೂಲ್ ಮೇಷ್ಟ್ರು! ಗಲಭೆ ಶುರುವಾದ ಮೊದಲ ದಿನಗಳಲ್ಲಿ ಈತ ತನ್ನ ಊರಲ್ಲಿ ಕೊಲೆ ನಡೆಯದ ಹಾಗೆ ತಡೆದಿದ್ದ. ಏಪ್ರಿಲ್ 18ರ ಒಂದು ಮೀಟಿಂಗ್ ಆದ ಮೇಲೆ ಉಲ್ಟಾ ಹೊಡೆದ. ಈ ಭಾಗ ಓದುವಾಗ ನನಗೆ ಜಾಸ್ತಿ ಭಯ ಆಯಿತು.

ವಿಶ್ವಸಂಸ್ಥೆಯವರು ತಾಂಜಾನಿಯಾದ ಅರುಷಾದಲ್ಲಿ ಕೋರ್ಟು ಕೂಡಿಸಿದರು. 1997ರ ಜನವರಿಯಲ್ಲಿ ವಿಚಾರಣೆ ಶುರುವಾದಾಗ ದೋಷಾರೋಪದಲ್ಲಿ ಅತ್ಯಾಚಾರದ ಸುದ್ದಿಯೇ ಇರಲಿಲ್ಲ. ಕೊಲೆ, ನರಮೇಧ, ಚಿತ್ರಹಿಂಸೆ ಎಲ್ಲ ಇತ್ತು, ಇದೊಂದಿಲ್ಲ. ಅದೇ ತಿಂಗಳು "ಜೆ" ಎಂಬ ಗುಟ್ಟಿನ ಹೆಸರಿನ ಸಾಕ್ಷಿ ಬಂದಳು. ಮಾತಿನ ನಡುವೆ ತನ್ನ ಆರು ವರ್ಷದ ಮಗಳ ಮೇಲೆ ಮೂವರು ಬಿದ್ದದ್ದನ್ನು ಹೇಳಿದಳು. ನ್ಯಾಯಾಧೀಶರು ಇನ್ನೂ ಕೇಳಿದಾಗ, ಮೇಯರ್ ಕಚೇರಿಯಲ್ಲೂ ಹುಡುಗಿಯರಿಗೆ ಹಾಗೆ ಮಾಡಿದರು ಎಂದು ಕೇಳಿದ್ದೇನೆ ಎಂದಳು. ಮಾರ್ಚ್‌ನಲ್ಲಿ "ಎಚ್" ಬಂದಳು. ತನ್ನನ್ನು ಜೋಳದ ಹೊಲದಲ್ಲಿ ಕೆಡಿಸಿದರು, ಕಚೇರಿಯ ಪಕ್ಕದಲ್ಲೇ ಬೇರೆ ಹೆಂಗಸರಿಗೂ ಹಾಗೆ ಆಗಿದ್ದನ್ನು ಕಣ್ಣಾರೆ ಕಂಡೆ ಎಂದಳು. ಆ ಕಚೇರಿ ನಮ್ಮ ತಾಲ್ಲೂಕು ಆಫೀಸು ಇದ್ದ ಹಾಗೆ. ಜೀವ ಉಳಿಸಿಕೊಳ್ಳೋಕೆ ಅಂತ ಜನ ಓಡಿ ಬಂದು ಸೇರಿದ್ದ ಜಾಗ.

ಆ ಪೀಠದ ಮೂವರಲ್ಲಿ ಒಬ್ಬರೇ ಹೆಂಗಸು, ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕಾದ ಡರ್ಬನ್‌ನವರು, ತಮಿಳು ಮೂಲ, ಬಸ್ ಡ್ರೈವರ್ ಮಗಳು. ಮುಂದಿನ ಪ್ರಶ್ನೆ ಕೇಳಬೇಕು ಅಂತ ಹೊಳೆದದ್ದು ಅಂಥವರಿಗೆ. ಜೂನ್‌ನಲ್ಲಿ ದೋಷಾರೋಪ ತಿದ್ದಿ ಅತ್ಯಾಚಾರ ಸೇರಿಸಿದರು. 1998ರ ಸೆಪ್ಟೆಂಬರ್ 2ಕ್ಕೆ ತೀರ್ಪು ಬಂತು. ಒಂದು ಜನಾಂಗವನ್ನು ಅಳಿಸಲು ಅತ್ಯಾಚಾರವೂ ಆಯುಧ ಆಗಬಹುದು, ಅದೂ ನರಮೇಧವೇ ಎಂದು ಮೊದಲ ಸಲ ಒಂದು ಅಂತಾರಾಷ್ಟ್ರೀಯ ಕೋರ್ಟು ಹೇಳಿತು. ಮೇಷ್ಟ್ರಿಗೆ ಜೀವಾವಧಿ.

ಇದೆಲ್ಲ ಲಾ ಓದುವವರಿಗೆ ಗೊತ್ತಿರುತ್ತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ತೀರ್ಪಿನ ನಡುವೆ ಬರುವ ಸಣ್ಣ ಭಾಗ. ಸಾಕ್ಷಿಗಳು ಕಿನ್ಯಾರುವಾಂಡಾ ಭಾಷೆಯಲ್ಲಿ ನಾಲ್ಕು ಪದ ಬಳಸಿದ್ದರು. ಗುಸಂಬಾನ್ಯಾ ಅಂದರೆ ಹಾದರಕ್ಕೆ ಎಳೆಯುವುದು. ಕುರುಂಗೊರಾ ಅಂದರೆ ಹೆಂಗಸಿನ ಜೊತೆ ಕೂಡುವುದು, ಅವಳು ಒಪ್ಪಿದರೂ ಒಪ್ಪದಿದ್ದರೂ ಒಂದೇ ಪದ. ಕುರ್ಯಾಮಾನಾ ಅಂದರೆ ಜೊತೆಗೆ ಮಲಗುವುದು. ಗುಫಾಟಾ ಕು ನ್ಗುಫು ಅಂದರೆ ಯಾವುದನ್ನಾದರೂ ಬಲವಂತವಾಗಿ ತೆಗೆದುಕೊಳ್ಳುವುದು. ದುಭಾಷಿಗಳು ನಾಲ್ಕನ್ನೂ ಒಂದೇ ಪದಕ್ಕೆ ಇಳಿಸುತ್ತಿದ್ದರು, ಅತ್ಯಾಚಾರ ಅಂತ. ನ್ಯಾಯಾಧೀಶರು ಅಷ್ಟಕ್ಕೇ ಬಿಡಲಿಲ್ಲ. ದುಭಾಷಿಗಳನ್ನು ಕೂರಿಸಿ, ಒಂದೊಂದು ಪದದ ಅರ್ಥ ಕೇಳಿ, ಸಾಕ್ಷಿ ಯಾವ ಸಂದರ್ಭದಲ್ಲಿ ಹೇಳಿದಳು ಅಂತ ನೋಡಿ, ಅದನ್ನೆಲ್ಲ ತೀರ್ಪಿನಲ್ಲೇ ಬರೆದರು.

ಓದಿ ಎದ್ದು ಹೋಗಿ ಎರಡು ಲೋಟ ನೀರು ಕುಡಿದೆ.

ಯಾಕೆ ಅಂತ ಹೇಳುತ್ತೇನೆ. ಊರು, ಇಸವಿ, ಕೋರ್ಟು ಯಾವುದೂ ಬೇಡ. ಬಾಗಿಲು ಹಾಕಿ ನಡೆಸಿದ ಒಂದು ವಿಚಾರಣೆ. ಕೂಲಿ ಮಾಡುವ ಹುಡುಗಿ, ಇಪ್ಪತ್ತರ ಆಚೆ ಈಚೆ. "ಪಾಡು ಚೇಸಿನಾಡು ಸಾ" ಎಂದಳು. ನ್ಯಾಯಾಧೀಶರಿಂದ ಉಕ್ತಲೇಖನ ಬಂತು: "ಆರೋಪಿಯು ನನ್ನನ್ನು ಹಾಳು ಮಾಡಿದನು." ಟೈಪ್ ಮಾಡಿದೆ. ಪದಕ್ಕೆ ಪದ ಸರಿಯಾಗೇ ಇತ್ತು. ಪಾಟಿ ಸವಾಲಿನಲ್ಲಿ ವಕೀಲರು ಎದ್ದರು. ಹಾಳು ಮಾಡಿದ ಎಂದರೆ ಊರಲ್ಲಿ ನಿನ್ನ ಹೆಸರು ಹಾಳು ಮಾಡಿದ ಎಂದು ತಾನೇ? ಹುಡುಗಿಗೆ ಪ್ರಶ್ನೆಯ ಕೊಕ್ಕೆ ಗೊತ್ತಾಗಲಿಲ್ಲ. ಹೆಸರೂ ಹಾಳಾಗಿತ್ತಲ್ಲ, ತಲೆ ಆಡಿಸಿದಳು. "ಎಂದರೆ ಸರಿ" ಅಂತ ಟೈಪ್ ಆಯಿತು. ಆಮೇಲೆ ಇನ್ನೊಂದು. ನೀನು ಕೂಗಿಕೊಳ್ಳಲಿಲ್ಲ? ಎಂದರೆ ಸರಿ. ಯಾರೂ ಮತ್ತೊಮ್ಮೆ ಎದ್ದು, ಪಾಡು ಅಂದರೆ ಏನಮ್ಮಾ ಎಂದು ಕೇಳಲಿಲ್ಲ. ಆ ಕೋರ್ಟ್ ಹಾಲಿನಲ್ಲಿ ಅವಳ ಮಾತು ಪೂರ್ತಿ ಅರ್ಥವಾದವಳು ನಾನೊಬ್ಬಳೇ ಇರಬೇಕು. ಟೈಪಿಸ್ಟ್ ಬಾಯಿ ಬಿಡುವ ಹಾಗಿಲ್ಲ. ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿದಳು. ಆ ಶಾಯಿ ಪ್ಯಾಡ್ ಹಿಡಿದುಕೊಂಡಿದ್ದವಳೂ ನಾನೇ. ಅವನು ಬಿಡುಗಡೆಯಾದ. ಅದೊಂದೇ ಪದದಿಂದ ಅಂತ ಹೇಳಲ್ಲ, ಬೇರೆ ಕಾರಣಗಳೂ ಇದ್ದವು.

ಕೂಗಿದೆಯಾ ಅನ್ನೋ ಪ್ರಶ್ನೆಗೂ ಅರುಷಾದವರು ಉತ್ತರ ಬರೆದಿದ್ದಾರೆ. ಕೈ ಎತ್ತಿ ಹೊಡೆದರೇನೇ ಬಲವಂತ ಅಲ್ಲ. ಓಡಿ ಬಂದು ಆಸರೆ ಪಡೆದ ಹೆಂಗಸರ ಸುತ್ತ ಮಚ್ಚು ಹಿಡಿದವರು ತಿರುಗಾಡುತ್ತಿದ್ದರೆ ಅದೇ ಬಲವಂತ. ಆ ನ್ಯಾಯಮಂಡಳಿಯ ನಿಯಮದಲ್ಲಿ ಇನ್ನೂ ಒಂದಿತ್ತು. ಇಂಥ ಕೇಸಿನಲ್ಲಿ ಹೆಂಗಸಿನ ಮಾತಿಗೆ ಬೇರೆ ಸಾಕ್ಷಿ ಬೇಕೇ ಬೇಕು ಅಂತಿಲ್ಲ, ಅವಳ ಹಳೇ ನಡತೆ ಕೆದಕುವಂತಿಲ್ಲ.

"ಯುದ್ಧ ಅಂದ್ಮೇಲೆ ಇದೆಲ್ಲ ಇದ್ದದ್ದೇ ಕಣೇ" ಎಂದೆ. ತಂಗಿಯ ಮಗಳು ಸಿಟ್ಟಾದಳು. ಎಲಿಸಬೆತ್ ವುಡ್ ಅಂತ ಅಮೆರಿಕದ ಸಂಶೋಧಕಿಯೊಬ್ಬರು ಇದನ್ನೇ ಹುಡುಕಿದ್ದಾರಂತೆ. ಎಲ್ಲ ಪಡೆಗಳೂ ಹಾಗೆ ಮಾಡಲ್ಲ. ಎಲ್‌ಟಿಟಿಇ ಇತ್ತಲ್ಲ, ಕೆಜಿಎಫ್‌ನಲ್ಲಿದ್ದಾಗ ಆ ಹೆಸರು ಕೇಳಿ ಕೇಳಿ ಸಾಕಾಗಿತ್ತು ನನಗೆ. ಬಾಂಬ್ ಇಟ್ಟರು, ಮಕ್ಕಳನ್ನು ಸೇರಿಸಿಕೊಂಡರು, ಜಾಫ್ನಾದಿಂದ ಮುಸ್ಲಿಮರನ್ನು ಓಡಿಸಿದರು. ಆದರೆ ಅವರು ಜನಸಾಮಾನ್ಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದು ತೀರಾ ಕಡಿಮೆ. ಮೇಲಿನವರ ಕಟ್ಟುನಿಟ್ಟು ಹಾಗಿತ್ತು. ಒಳ್ಳೆಯವರು ಅಂತಲ್ಲ, ಬೇಡ ಅಂದರೆ ನಿಲ್ಲುತ್ತೆ ಅಂತ. ನಿಲ್ಲಿಸಬಹುದಾದರೆ, ನಿಲ್ಲಿಸದವನು ಜವಾಬು ಕೊಡಬೇಕು ಅಲ್ವಾ?

ಕೊಡಬೇಕು, ಆದರೆ ಕೊಡಿಸೋದು ಸುಲಭ ಇಲ್ಲ. ಕಾಂಗೋದ ಝಾನ್ ಪಿಯರ್ ಬೆಂಬಾ ಎಂಬುವನ ಪಡೆ 2002-03ರಲ್ಲಿ ಪಕ್ಕದ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಹೋಗಿ ಇದನ್ನೇ ಮಾಡಿತು. ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ 18 ವರ್ಷ ಶಿಕ್ಷೆ ಕೊಟ್ಟಿತು. ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರು ಆ ಕೇಸಲ್ಲಿ ಭಾಗಿಯಾಗಿದ್ದರು. 2018ರ ಜೂನ್‌ನಲ್ಲಿ ಮೇಲ್ಮನವಿ ಪೀಠ ಐವರಲ್ಲಿ ಮೂವರ ಬಹುಮತದಲ್ಲಿ ಅವನನ್ನು ಬಿಟ್ಟುಬಿಟ್ಟಿತು. ಗಡಿಯಾಚೆ ಕೂತ ದಳಪತಿ ಇನ್ನೆಷ್ಟು ಮಾಡಬಹುದಿತ್ತು ಅನ್ನೋದನ್ನು ಕೆಳಗಿನ ಪೀಠ ಸರಿಯಾಗಿ ತೂಗಿಲ್ಲ ಅಂತ. ಮುಂದಿನ ವರ್ಷ ಅದೇ ಕೋರ್ಟಿನಲ್ಲಿ ಕಾಂಗೋದ ಇನ್ನೊಬ್ಬ ದಳಪತಿ ಬೋಸ್ಕೊ ಎನ್ಟಗಾಂಡಾಗೆ 30 ವರ್ಷ ಶಿಕ್ಷೆ ಆಯಿತು, ಅವನ ಪಡೆ ತನ್ನೊಳಗೇ ಇದ್ದ ಎಳೆ ಹುಡುಗಿಯರನ್ನೂ ಬಿಟ್ಟಿರಲಿಲ್ಲ.

ನಮ್ಮ ಆಗಿನ ದಂಡ ಸಂಹಿತೆಯಲ್ಲೂ (ಐಪಿಸಿ) 2013ರಲ್ಲಿ ಕೋಮುಗಲಭೆ ಸಮಯದ ಅತ್ಯಾಚಾರಕ್ಕೆ ಅಂತಲೇ 376(2)(ಜಿ) ಸೇರಿಸಿದರು. ನನ್ನ ಸರ್ವಿಸಿನಲ್ಲಿ ಆ ಕಲಂ ಒಮ್ಮೆಯೂ ಟೈಪ್ ಮಾಡಲಿಲ್ಲ.

ನಿನ್ನೆ ಸಂಜೆ ಹುಡುಗಿ ಮತ್ತೆ ಬಂದಳು. ಶನಿವಾರ ಮೂಟ್ ಕೋರ್ಟ್, ಪ್ರಾಕ್ಟೀಸಿಗೆ ನೀನು ಸಾಕ್ಷಿ ಆಗು ಎಂದಳು. ತೆಲುಗಿನಲ್ಲೇ ಹೇಳು, ನಾನು ಬರೆದುಕೊಳ್ತೀನಿ ಅಂದಳು. ಅವರೇಕಾಳು ಹಿಸುಕುತ್ತಾ ಆಗಲಿ ಎಂದೆ. ಹೆಸರು, ವಯಸ್ಸು, ಅವತ್ತು ಹೊಲಕ್ಕೆ ಯಾಕೆ ಹೋಗಿದ್ದೆ, ಎಲ್ಲ ಸರಾಗವಾಗಿ ಹೇಳಿದೆ. ಆಮೇಲೆ ಏನಾಯಿತು ಎಂದಳು. ಅಷ್ಟು ವರ್ಷ ಆ ಪದ ಟೈಪ್ ಮಾಡಿದವಳು ನಾನು. ಬಾಯಿಗೆ ಬರಲಿಲ್ಲ. ಕಾಳು ನೋಡಿಕೊಂಡು "ಪಾಡು ಚೇಸಿನಾಡಮ್ಮಾ" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ಪಾಡು ಅಂಟೆ ಏಮಿ ಪೆದ್ದಮ್ಮಾ?" ಎಂದು ಕೇಳಿದಳು.