ನಾಲ್ಕು ಕಿಲೋ ಭಾರ

ಆಜಾದ್ ಹಿಂದ್ ಫೌಜಿನ ಮಹಿಳಾ ಪಡೆಯಾದ ಝಾನ್ಸಿ ರಾಣಿ ರೆಜಿಮೆಂಟಿನ ಸಿಪಾಯಿಯೊಬ್ಬಳನ್ನು ಆಳೆತ್ತರದ ತೈಲಚಿತ್ರವಾಗಿ ಬರೆಯಬೇಕೆಂದು ಕಳೆದ ಮಳೆಗಾಲದಲ್ಲಿ ಕ್ಯಾನ್ವಾಸ್ ಬಿಗಿದಾಗ ನನ್ನ ಮುಂದಿದ್ದದ್ದು ಕೆಲವು ಕಪ್ಪುಬಿಳುಪು ಛಾಯಾಚಿತ್ರಗಳು ಮಾತ್ರ. ಸುಭಾಷಚಂದ್ರ ಬೋಸರೊಂದಿಗೆ ರೆಜಿಮೆಂಟಿನ ನಾಯಕಿ ಕ್ಯಾಪ್ಟನ್ ಲಕ್ಷ್ಮಿಯವರು ಪಡೆಯ ಪರಿವೀಕ್ಷಣೆ ಮಾಡುತ್ತಿರುವ ಚಿತ್ರವನ್ನು ಅನೇಕರು ನೋಡಿರಬಹುದು. ಅದರಲ್ಲಿ ಉಡುಪಿನ ಅಂದಾಜು ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ಯೆಲ್ಲೋ ಓಕರಿಗೆ ರಾ ಅಂಬರ್, ಬಿಳಿ ಮತ್ತು ಚೂರು ಅಲ್ಟ್ರಾಮರೀನ್ ಬೆರೆಸಿ, ಬಿಸಿಲಿನಲ್ಲಿ ಮಾಸಿದ ಖಾಕಿಯನ್ನು ಹೊಂದಿಸಿಕೊಂಡೆ. ಆದರೂ ಮೂರು ವಾರ ತಿದ್ದಿದ ಮೇಲೂ ಕ್ಯಾನ್ವಾಸಿನಲ್ಲಿದ್ದವಳು ನಾಟಕದ ವೇಷ ತೊಟ್ಟ ಹುಡುಗಿಯಂತೆಯೇ ಕಾಣುತ್ತಿದ್ದಳು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳನ್ನು ನೋಡಿ ನಕಲು ಮಾಡುತ್ತ ಕೈ ಪಳಗಿಸಿಕೊಂಡವಳು ನಾನು. ಇಳಿಬಿದ್ದ ಭುಜ, ದುಂಡನೆಯ ತೋಳು, ತುಸುವೇ ಬಾಗಿದ ಕೊರಳು ಇವೆಲ್ಲ ಸೀರೆಯ ನೆರಿಗೆಗೆ ಎಷ್ಟು ಸೊಗಸಾಗಿ ಒಪ್ಪುತ್ತವೆಯೋ ಸೈನಿಕಳ ಅಂಗಿಗೆ ಅಷ್ಟೇ ಒಪ್ಪುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಗುಂಡು ಎಸೆತದ ಆಟಗಾರ್ತಿಯಾದ ಅಕ್ಕನ ಮಗಳು ಒಂದು ಭಾನುವಾರ ರೂಪದರ್ಶಿಯಾಗಿ ನಿಲ್ಲಲು ಒಪ್ಪಿದಳು. ದರ್ಜಿಯವರು ರೂಢಿಯ ಹೆಂಗಸರ ಅಳತೆಗೆ ಹೊಲಿದುಕೊಟ್ಟಿದ್ದ ಖಾಕಿ ಅಂಗಿ ಅವಳ ಬೆನ್ನಿಗೆ ಬಿಗಿಯಾಗಿ, ತೋಳೆತ್ತಲೂ ಬಾರದಂತಾಯಿತು. ಕಂಕುಳ ಹೊಲಿಗೆಯನ್ನು ಬಿಚ್ಚಿ, ಎರಡು ತುಂಡು ಬಟ್ಟೆ ಸೇರಿಸಿ ಹೊಲಿಯುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಆಮೇಲೆ ಬಡಗಿಯಿಂದ ಮಾಡಿಸಿದ್ದ ಮರದ ಬಂದೂಕನ್ನು ಕೊಟ್ಟೆ. ಒಮ್ಮೆ ಎತ್ತಿ ನೋಡಿ, "ಚಿಕ್ಕಮ್ಮ, ಇದ್ರಲ್ಲಿ ತೂಕಾನೇ ಇಲ್ವಲ್ಲ. ನಿಜವಾದ್ದು ಎಷ್ಟು ಭಾರ ಇರುತ್ತೆ?" ಎಂದು ಕೇಳಿದಳು. ಬ್ರಿಟಿಷರ 303 ರೈಫಲ್ ಹೆಚ್ಚುಕಡಿಮೆ 4 ಕಿಲೋ ತೂಗುತ್ತದೆ ಎಂದೆ. "ನಾನು ಎಸೆಯೋ ಗುಂಡೂ ಅಷ್ಟೇ" ಎಂದವಳು ತಾನು ಅಭ್ಯಾಸಕ್ಕೆ ಬಳಸುವ ಮರಳಿನ ಪಟ್ಟಿಗಳನ್ನು ಚೀಲದಿಂದ ತೆಗೆದು, ತೂಕ ಸರಿಯಾಯಿತೆನ್ನಿಸುವವರೆಗೆ ಮರಕ್ಕೆ ಸುತ್ತಿದಳು.

ಅವಳು ಅದನ್ನು ಹೆಗಲಿಗೇರಿಸಿದಾಗ ನಾನು ಕುಂಚ ಕೆಳಗಿಟ್ಟು ನೋಡುತ್ತ ನಿಂತೆ. ಬಲಭುಜ ತಗ್ಗಲಿಲ್ಲ, ಬದಲಾಗಿ ಕೊರಳ ಬುಡದ ಸ್ನಾಯು ಹುರಿಗೊಂಡು ಮೇಲೆದ್ದಿತು, ಎಡ ಸೊಂಟ ತಾನಾಗಿ ಹೊರಕ್ಕೆ ಸರಿಯಿತು, ಹಿಮ್ಮಡಿ ನೆಲವನ್ನು ಒತ್ತಿ ಹಿಡಿಯಿತು, ಅಂಗಿಯ ಸುಕ್ಕುಗಳೆಲ್ಲ ಕಂಕುಳಿನಿಂದ ಎದುರು ಸೊಂಟದ ಕಡೆಗೆ ಓರೆಯಾಗಿ ಎಳೆದುಕೊಂಡವು. ನಾನು ಬರೆದಿದ್ದ ಸುಕ್ಕುಗಳು ನೇರವಾಗಿ ಕೆಳಗೆ ಇಳಿದಿದ್ದವು. ಪ್ಯಾಲೆಟ್ ನೈಫ್ ಹಿಡಿದು ಮೂರು ವಾರದ ಭುಜವನ್ನೂ ಎದೆಯನ್ನೂ ಕೆರೆದು ಹಾಕಿದೆ; ಬೇಸರವೇನೂ ಆಗಲಿಲ್ಲ.

ಇಪ್ಪತ್ತು ನಿಮಿಷಕ್ಕೊಮ್ಮೆ ವಿರಾಮ ಕೊಡುತ್ತ ಮಧ್ಯಾಹ್ನದವರೆಗೆ ಕೆಲಸ ಮಾಡುವಾಗ 1943ರ ಜುಲೈನಲ್ಲಿ ಸಿಂಗಪುರದಲ್ಲಿ ಬೋಸರಿಗೆ ಮೊದಲ ಗೌರವರಕ್ಷೆ ನೀಡಿದ 20 ಹೆಂಗಸರು ಮತ್ತೆ ಮತ್ತೆ ನೆನಪಾದರು. ಮದರಾಸಿನಿಂದ ಹೋಗಿ ಅಲ್ಲಿ ವೈದ್ಯೆಯಾಗಿದ್ದ ಲಕ್ಷ್ಮಿಯವರು ಒಟ್ಟುಗೂಡಿಸಿದ ಅವರು ಸೀರೆಯುಟ್ಟೇ ಈ ಭಾರವನ್ನು ಹಿಡಿದು ನಿಂತಿದ್ದರು. ಅಕ್ಟೋಬರ್ 22ರಂದು ತರಬೇತಿ ಶಿಬಿರ ತೆರೆದ ಮೇಲೆ ಖಾಕಿ ತೊಟ್ಟವರಲ್ಲಿ ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಕಾರರ ಮನೆಯ ಹುಡುಗಿಯರು ಬಹಳ ಮಂದಿ. ಭಾರತದ ನೆಲವನ್ನೇ ಕಾಣದವರೂ ಅವರಲ್ಲಿದ್ದರು. ದುಡಿದು ಗಟ್ಟಿಯಾದ ಅಂಥ ಮೈಯನ್ನು ನಾನು ಇಷ್ಟು ದಿನ ಮೃದುವಾಗಿಸಿ ಬರೆಯುತ್ತಿದ್ದೆನಲ್ಲ ಎಂದು ಮನಸ್ಸಿಗೆ ನಿಜವಾಗಿಯೂ ನೋವಾಯಿತು. ಮುಖದ ಚೆಲುವಿಗೆ ಕೊಟ್ಟ ಗಮನವನ್ನು ನಾನು ಅವರ ಬಲಕ್ಕೆ ಕೊಟ್ಟಿರಲಿಲ್ಲ.

ಗುಂಡನ್ನು ಒತ್ತಿ ಹಿಡಿದು ಹಿಡಿದು ಅವಳ ದವಡೆಯ ಕೆಳಗೆ ಕಪ್ಪಾದ ಗುರುತೊಂದಿದೆ. ಅದನ್ನು ಬರೆಯುವುದೋ ಬಿಡುವುದೋ ಎಂದು ಬಹಳ ಹೊತ್ತು ಯೋಚಿಸಿದೆ. ಅದು ಅಕ್ಕನ ಮಗಳ ಆಟದ ಗುರುತು, ರೆಜಿಮೆಂಟಿನ ಸಿಪಾಯಿಯದಲ್ಲವಾದ್ದರಿಂದ ಕೊನೆಗೆ ಬಿಟ್ಟೆ. ಕೊರಳಿನ ಹುರಿಯನ್ನು ಮಾತ್ರ ಎಳ್ಳಷ್ಟೂ ತಗ್ಗಿಸಲಿಲ್ಲ.

ಹೊರಡುವ ಮುನ್ನ ಅವಳು ಕ್ಯಾನ್ವಾಸಿನ ಮುಂದೆ ನಿಂತು, "ಭುಜ ಸರಿಯಾಯ್ತು ಚಿಕ್ಕಮ್ಮ, ಪಾದ ಇನ್ನೂ ನೆಲ ಮುಟ್ಟಿಲ್ಲ" ಎಂದಳು. 1945ರ ಏಪ್ರಿಲ್‌ನಲ್ಲಿ ರಂಗೂನನ್ನು ಬಿಟ್ಟು ಬ್ಯಾಂಕಾಕಿನ ಕಡೆಗೆ ಹೊರಟಾಗ, ವಿಮಾನದಾಳಿಗೆ ಸಿಗದಂತೆ ರಾತ್ರಿಯ ಹೊತ್ತು ನಡೆದ ಕಾಲುಗಳವು ಎಂದು ನಾನು ಹೇಳಿದೆ. ಮುಂದಿನ ಭಾನುವಾರ ಬೂಟು ತೊಟ್ಟು ಕೆಸರಿನಲ್ಲಿ ನಡೆದೇ ಬರುತ್ತೇನೆಂದಳು. ಅವಳು ಬರುವವರೆಗೆ ಮೊಣಕಾಲಿನ ಕೆಳಗಿನ ಭಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.