ನಾ ‘ದ’ ಆಕ್ಕೇನ್ರಿ ಅಕ್ಕೋರ

ಆಗಸ್ಟ್ ಬಂತೆಂದರೆ ಗದಗ ಕಡೆಯ ಹಳ್ಳಿ ಶಾಲೆಗಳಲ್ಲಿ ಹಾಜರಿ ಇಳಿಯುತ್ತದೆ. ಹೆಸರುಕಾಯಿ ಬಿಡಿಸುವ ಹೊತ್ತು ಅದು. ಕಾಯಿ ಒಣಗಿ ನಿಂತಾಗ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ, ದುಡಿದಿದ್ದೆಲ್ಲ ಹೋಯಿತು. ಹಾಗಾಗಿ ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ. ಸಣ್ಣ ಮಕ್ಕಳನ್ನು ಬಿಟ್ಟು ಹೋಗುವುದಾದರೂ ಯಾರ ಹತ್ತಿರ? ಅವರೂ ಹೋಗುತ್ತಾರೆ. ತಾಯಂದಿರ ಮೇಲೆ ಸಿಟ್ಟಾಗುವುದನ್ನು ನಾನು ಬಿಟ್ಟು ಬಹಳ ದಿನ ಆಯಿತು.

ಹೋದ ವರ್ಷ ಹೀಗೆ ಹನ್ನೆರಡು ದಿನ ಹೊಲದಲ್ಲಿ ಕಳೆದು ಒಬ್ಬ ಹುಡುಗ ಶಾಲೆಗೆ ಬಂದ. ಒಂದನೇ ಇಯತ್ತೆ. ಅಂಗಿಯ ಕಿಸೆ ತುಂಬ ಹೆಸರುಕಾಯಿ. ಪಾಟಿ ಕೊಟ್ಟು ‘ದ’ ಬರಿ ಅಂದೆ. ಪಾಟಿ ನೋಡಿದ, ನನ್ನನ್ನೂ ನೋಡಿದ. ಆಮೇಲೆ ಕಿಸೆಯಿಂದ ಒಂದು ಕಾಯಿ ತೆಗೆದು ನನ್ನ ಕೈಯಲ್ಲಿಟ್ಟ.

ನಾನು ನಲಿಕಲಿ ಟೀಚರ್. ದಿನಾ ಗದಗದಿಂದ ಬಸ್ಸಿಗೆ ಹೋಗಿ ಬರುತ್ತೇನೆ. ಮಕ್ಕಳು ಅಕ್ಕೋರ ಅನ್ನುತ್ತಾರೆ, ಆ ಕರೆ ನನಗೆ ಬಹಳ ಇಷ್ಟ. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯದ ತುಂಬ ಬಂದ ಪದ್ಧತಿ. ಒಂದರಿಂದ ಮೂರನೇ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಅ, ಆ, ಇ, ಈ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೂ ಸಾಕು, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಈ ಹುಡುಗನಿಗೆ ಐದರಲ್ಲಿ ‘ರ’ ಒಂದು ನೆನಪಿತ್ತು.

ಆ ದಿನ ಬಂದಿದ್ದವರು ಹದಿನಾಲ್ಕೇ ಮಕ್ಕಳು. ಎಂಟು ದಿನದಿಂದ ಮಳೆ ಇರಲಿಲ್ಲ. ನಮ್ಮದು ಎರೆಮಣ್ಣು, ಹಸಿ ಇದ್ದರೆ ಕಾಲಿಗೆ ಮೆತ್ತಿ ಒಂದೊಂದು ಪಾದ ಒಂದೊಂದು ಕಿಲೋ ಆಗುತ್ತದೆ. ಒಣಗಿದ್ದಾಗಲೇ ಅಂಗಳಕ್ಕೆ ಇಳಿಯಬೇಕು. ಸುಣ್ಣದ ಪುಡಿ ತಂದು ಐದು ದೊಡ್ಡ ವೃತ್ತ ಎಳೆದೆ, ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆದೆ. ನಾನು ಪದದ ಕಾರ್ಡ್ ತೋರಿಸಬೇಕು, ಮಕ್ಕಳು ಅದನ್ನು ಓದಿಕೊಂಡು ಅಕ್ಷರದಿಂದ ಅಕ್ಷರಕ್ಕೆ ಓಡಬೇಕು. ತಪ್ಪಿದವರು ಔಟ್.

ಮಕ್ಕಳು ಕುಣಿದಾಡಿದರು. ಆಟ ಭರ್ಜರಿ ನಡೆದಿದೆ ಅಂದುಕೊಂಡೆ. ಇಪ್ಪತ್ತು ನಿಮಿಷ ಆದಮೇಲೆ ಬೇವಿನ ಗಿಡದ ಕಡೆ ನೋಡಿದರೆ ಈ ಹುಡುಗ ಒಬ್ಬನೇ ಕುಂತು ಹುಲ್ಲು ಕೀಳುತ್ತಿದ್ದ.

“ಯಾಕಪಾ, ಇಲ್ಲಿ ಕುಂತಿ?”

“ಔಟ್ ಆಗೇನ್ರಿ.”

“ಮತ್ತ ಯಾವಾಗ ಆಡತಿ?”

“ನಾಳೆ ರೀ.”

ಮೊದಲ ಸರದಿಗೇ ಔಟ್ ಆಗಿದ್ದ. ಚೆನ್ನಾಗಿ ಓದುವ ಮೂವರು ಹುಡುಗಿಯರು ಮಾತ್ರ ಮತ್ತೆ ಮತ್ತೆ ಓಡುತ್ತಿದ್ದರು. ಅವರಿಗೆ ಆ ಓಟ ಬೇಕಾಗಿಯೇ ಇರಲಿಲ್ಲ. ಯಾರಿಗೆ ಬೇಕಿತ್ತೋ ಅವನನ್ನು ನನ್ನ ಕೈಯಾರೆ ಹೊರಗೆ ಕೂರಿಸಿದ್ದೆ. ಪರೀಕ್ಷೆಯನ್ನು ಕೋಣೆಯಿಂದ ಎತ್ತಿ ತಂದು ಅಂಗಳದಲ್ಲಿ ಇಟ್ಟಂತಾಗಿತ್ತು, ಅಷ್ಟೇ. ಹೊಟ್ಟೆಯಲ್ಲಿ ಸಂಕಟ ಆಯಿತು.

ಅಲ್ಲೇ ನಿಂತು ಯೋಚನೆ ಮಾಡುವಾಗ ಖೋ ಖೋ ನೆನಪಾಯಿತು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ನಮ್ಮ ಗಂಡಸರೂ ಹೆಂಗಸರೂ ಎರಡೂ ಕಪ್ ಗೆದ್ದರಲ್ಲ, ಅವತ್ತಿಂದ ಶಾಲೆಯ ದೊಡ್ಡ ಮಕ್ಕಳಿಗೆ ಅದೇ ಹುಚ್ಚು. ನಾವು ಆಡುವ ಖೋ ಖೋದಲ್ಲಿ ಎಂಟು ಮಂದಿ ಸಾಲಾಗಿ ಕೂಡುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಕುಂತವರೂ ಆಟದ ಒಳಗೇ ಇರುತ್ತಾರೆ. ಬೆನ್ನಿಗೆ ಯಾವಾಗ ಏಟು ಬೀಳುತ್ತದೋ ಅಂತ ಮೈಯೆಲ್ಲ ಕಿವಿಯಾಗಿರುತ್ತದೆ.

“ಔಟ್ ಅನ್ನೋದು ಇಲ್ಲ ಇನ್ನ. ತಪ್ಪಿದವರು ಅಕ್ಷರ ಆಗಬೇಕು,” ಅಂದೆ.

ಅಕ್ಷರ ಆಗುವುದು ಅಂದರೆ ಆ ವೃತ್ತದಲ್ಲಿ ಕೂಡುವುದು. ಓಡುವವರು ಬಂದು ಬೆನ್ನು ಮುಟ್ಟಿದ ಕೂಡಲೇ ತನ್ನ ಅಕ್ಷರವನ್ನು ಜೋರಾಗಿ ಕೂಗುವುದು. ಸ್ವಲ್ಪ ಹೊತ್ತಿಗೆ ಎದ್ದು ತಾನೇ ಓಡುವುದು, ಬೇರೆಯವರು ಅಕ್ಷರ ಆಗುವುದು. ಈ ಹುಡುಗನನ್ನು ‘ದ’ ವೃತ್ತದಲ್ಲಿ ಕೂರಿಸಿದೆ. ಮೊದಲ ಏಟಿಗೆ ಸಣ್ಣಗೆ “ದ” ಅಂದ. “ಕೇಳಸವಲ್ದಪಾ!” ಅಂತ ಎಲ್ಲರೂ ಕೂಗಿದರು. ಎರಡನೇ ಸಲ ಗಂಟಲು ಬಿಟ್ಟ. ನಾನು ಬೇಕಂತಲೇ ದಸರ, ದರ, ಸರದ ಅಂತ ‘ದ’ ಇರುವ ಪದಗಳನ್ನೇ ಜಾಸ್ತಿ ತೋರಿಸಿದೆ. ಮೂವತ್ತು ಸಲ ಆದರೂ ಕೂಗಿರಬೇಕು. ನಡುನಡುವೆ ಬಗ್ಗಿ ತನ್ನ ಕಾಲಬುಡದ ಸುಣ್ಣದ ಗೆರೆಯ ಮೇಲೆ ಬೆರಳಾಡಿಸುತ್ತಿದ್ದ. ನಾನು ಹಾಗೆ ಮಾಡು ಅಂತ ಹೇಳಿರಲಿಲ್ಲ.

ಆಟ ಕಳೆಗಟ್ಟಿದ್ದು ‘ಸರಸರ’ ಬಂದಾಗ. ಸ, ರ, ಮತ್ತೆ ಸ, ಮತ್ತೆ ರ. ಎರಡೇ ವೃತ್ತದ ನಡುವೆ ಓಡಿ ಬರಬೇಕು. ಎರಡನೇ ಇಯತ್ತೆ ಹುಡುಗಿಯೊಬ್ಬಳು ಓಡಿ ಮುಗಿಸಿ ನಿಂತು, “ಅಕ್ಕೋರ, ಸರಸರ ಅಂತ ಸರಸರ ಓಡಿದ್ನಿ!” ಅಂದಳು. ಸುಮ್ನೆ ಬಿಡುತ್ತಾರಾ ಉಳಿದವರು? ‘ಗರಗರ’ ಕೊಡ್ರಿ ಅಂದರು. ಗ-ರ-ಗ-ರ ಅಂತ ಗರಗರ ತಿರುಗಿ, ತಲೆ ಸುತ್ತಿ, ಒಬ್ಬರ ಮೇಲೊಬ್ಬರು ಬಿದ್ದರು. ನಮ್ಮ ಭಾಷೆಯಲ್ಲಿ ಓಟವೂ ತಿರುಗಾಟವೂ ಪದದ ಒಳಗೇ ಕುಂತಿವೆ. ಹದಿನೈದು ವರ್ಷ ಆ ಕಾರ್ಡುಗಳನ್ನು ಕೈಯಲ್ಲಿ ಹಿಡಿದ ನನಗೆ ಅದು ಕಂಡಿದ್ದು ಅವತ್ತೇ.

ಬಿಸಿಯೂಟ ಆದಮೇಲೆ ದೊಡ್ಡ ಮಕ್ಕಳು ಕಬಡ್ಡಿ ಹಿಡಿದರು. ಲೆಕ್ಕ ಇಡುವ ಕೆಲಸವನ್ನು ಸರಸರ ಓಡಿದ ಆ ಹುಡುಗಿಗೇ ಕೊಟ್ಟೆ. ಒಂದು ಪಾಯಿಂಟಿಗೆ ಒಂದು ಕಡ್ಡಿ, ಹತ್ತು ಆದರೆ ರಬ್ಬರ್ ಹಾಕಿ ಒಂದು ಕಟ್ಟು. ಒಂದು ತಂಡದ ಹತ್ತಿರ ಒಂಬತ್ತು ಕಡ್ಡಿ ಇದ್ದವು. ಅವರು ಎದುರಿನ ಕೊನೆಯ ಹುಡುಗನನ್ನು ಹಿಡಿದು ಕೆಡವಿದರು. ಅದಕ್ಕೆ ಒಂದು, ಇಡೀ ತಂಡ ಔಟ್ ಆಗಿದ್ದಕ್ಕೆ ಲೋನಾದ ಎರಡು. ಹುಡುಗಿ ಮೂರು ಕಡ್ಡಿ ಎತ್ತಿಕೊಂಡಳು, ಒಂದನ್ನು ಒಂಬತ್ತಕ್ಕೆ ಸೇರಿಸಿ ಕಟ್ಟು ಕಟ್ಟಿದಳು, ಎರಡು ಉಳಿಸಿದಳು. ಎಲ್ಲ ಸರಿ. ಆಮೇಲೆ ನೆಲದ ಮೇಲೆ ಬರೆದಳು: 102.

ತರಗತಿಯಲ್ಲೂ ಹೀಗೇ ಬರೆಯುತ್ತಿದ್ದಳು. ಹತ್ತು, ಅದರ ಪಕ್ಕ ಎರಡು. ನಾನು ಕೆಂಪು ಗುರುತು ಹಾಕಿ ಹಾಕಿ ಸಾಕಾಗಿತ್ತು. ಆದರೆ ಇಲ್ಲಿ ಎದುರು ತಂಡ ಮೈಮೇಲೆ ಬಂತು.

“ನೂರಾ ಎರಡ ಹೆಂಗ ಆತು? ನೂರು ಕಡ್ಡಿ ಎಲ್ಲಿ ಅದಾವ, ತೋರಸು!”

ಹುಡುಗಿ ತನ್ನ ಕೈ ನೋಡಿಕೊಂಡಳು. ಒಂದು ಕೈಯಲ್ಲಿ ಒಂದು ಕಟ್ಟು. ಇನ್ನೊಂದರಲ್ಲಿ ಎರಡು ಬಿಡಿ. ನಾನು ಬಾಯಿ ಬಿಡಬಾರದು ಅಂತ ತುಟಿ ಕಚ್ಚಿಕೊಂಡು ನಿಂತಿದ್ದೆ. ಬಹಳ ಹೊತ್ತು ಅನಿಸಿತು, ಅರ್ಧ ನಿಮಿಷ ಇರಬಹುದು. ಹಿಮ್ಮಡಿಯಿಂದ ಆ ಸೊನ್ನೆಯನ್ನು ಉಜ್ಜಿ ಅಳಿಸಿದಳು. 1 ಮತ್ತು 2 ದೂರ ದೂರ ಉಳಿದವು. ಎಲ್ಲವನ್ನೂ ಅಳಿಸಿ ಹತ್ತಿರ ಹತ್ತಿರ 12 ಅಂತ ಬರೆದು, “ಇದು ಕಟ್ಟಿಂದು, ಇದು ಬಿಡಿದು” ಅಂತ ಆ ಹುಡುಗರಿಗೆ ತಾನೇ ತಿಳಿಸಿ ಹೇಳಿದಳು. ಅವಳ ನೋಟ್‌ಬುಕ್ಕಿನಲ್ಲಿ ಆ ತಪ್ಪು ಆಮೇಲೆ ಒಂದೆರಡು ಸಲ ಕಂಡಿತು, ನಿಜ. ಆದರೆ ಈಗ “ಕಡ್ಡಿ ಎಲ್ಲಿ?” ಅಂದರೆ ಸಾಕು, ತಾನೇ ತಿದ್ದಿಕೊಳ್ಳುತ್ತಾಳೆ.

ಹೊಲದಿಂದ ಬಂದ ಹುಡುಗ ಮರುದಿನ ನಾನು ಚೀಲ ಇಳಿಸುವ ಮೊದಲೇ ಬಾಗಿಲಲ್ಲಿ ನಿಂತಿದ್ದ. “ನಾ ‘ದ’ ಆಕ್ಕೇನ್ರಿ ಅಕ್ಕೋರ.” ಆಗು ಅಂದೆ. ಅದರ ಮರುದಿನ ‘ಗ’ ಆದ. ಆಮೇಲೆ ಎರಡು ದಿನ ಅಂಗಳ ಹಸಿಯಿತ್ತು, ಕೋಣೆಯಲ್ಲೇ ಬೆಂಚು ಸರಿಸಿ ಆಡಿದೆವು.

ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಕಾಯುತ್ತಿದ್ದೆ. ಅವನೂ ನನ್ನ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಬಸ್ಸು ಬಂತು. ನಾನು ಮೆಟ್ಟಿಲಿಗೆ ಕಾಲಿಟ್ಟರೆ, “ತಡೀರಿ, ತಡೀರಿ” ಅಂದ. ಬಸ್ಸಿನ ಮುಂದೆ ಹೋಗಿ ನಿಂತು ಬೋರ್ಡ್ ಕಡೆ ಕತ್ತೆತ್ತಿದ. ಎಡಕ್ಕೆ ಜಿಗಿದ. ಬಲಕ್ಕೆ ಜಿಗಿದ. ಮತ್ತೆ ಎಡಕ್ಕೆ ಬಂದ.

“ಗ... ದ... ಗ! ಅಕ್ಕೋರ, ಗ ಹೊಳ್ಳಿ ಬಂತ್ರಿ!”

ಕಂಡಕ್ಟರ್ ಸೀಟಿ ಊದಿದರು. ಅವನು ಇನ್ನೂ ಜಿಗಿಯುತ್ತಲೇ ಇದ್ದ.